ತೋಪಿನ ತುಕ್ಕು, ಜೀಪಿನ ತುಕ್ಕು



ವಿಜಯಪುರದ ಉಪಲಿ ಬುರುಜನ್ನು ಹೊರಗಿನ ಮೆಟ್ಟಿಲುಗಳ ಮೇಲೆ ಸುತ್ತಿ ಸುತ್ತಿ ಏರಿದವರಿಗೆ, ತುದಿಯಲ್ಲಿ ಬಿಸಿಲಿಗೂ ಗಾಳಿಗೂ ಮೈಯೊಡ್ಡಿ ಮಲಗಿರುವ ಕಬ್ಬಿಣದ ತೋಪುಗಳ ನೆನಪಿರಬಹುದು. ಹೈದರ್ ಖಾನನೆಂಬ ಸರದಾರನು 1584ರ ಸುಮಾರಿಗೆ ಕಟ್ಟಿಸಿದ ಬುರುಜು ಅದು. ತೋಪುಗಳಲ್ಲಿ ದೊಡ್ಡದು 9 ಮೀಟರಿಗೂ ಮಿಕ್ಕು ಉದ್ದವಾಗಿದೆ. ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ಒತ್ತಾಗಿ ಜೋಡಿಸಿ, ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಏರಿಸುವಂತೆ ಮೇಲೆ ಬಳೆಗಳನ್ನು ಬಿಗಿದು ಅದನ್ನು ಮಾಡಿದ್ದಾರೆ. ಶತಮಾನಗಳ ಮಳೆ ಅದರ ಮೇಲೆ ಬಿದ್ದು ಹೋಗಿದೆ. ಮೈಯೆಲ್ಲ ಕಂದು ಬಣ್ಣಕ್ಕೆ ತಿರುಗಿದೆಯೇ ಹೊರತು ತೋಪು ತೋಪಾಗಿಯೇ ಉಳಿದಿದೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ಶೇರ್ಜಾ ಬುರುಜಿನ ಮೇಲೆ, ಮಲಿಕ್-ಎ-ಮೈದಾನ್ ಇದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ನು ತೂಗುವ ಕಂಚಿನ ತೋಪು. ಅದಕ್ಕೆ ತುಕ್ಕಿಲ್ಲ, ಕಿಲುಬಿದೆ. ಕನ್ನಡ ನುಡಿ ಈ ಎರಡನ್ನೂ ಬೇರೆಬೇರೆಯಾಗಿ ಹೆಸರಿಸಿರುವುದು ಸುಮ್ಮನೆ ಅಲ್ಲ. ಕಿಲುಬು ಕಂಚಿನ ಮೈಗೆ ಅಂಟಿಕೊಂಡು ಒಳಗಿನ ಲೋಹಕ್ಕೆ ಹೊದಿಕೆಯಾಗುತ್ತದೆ. ತುಕ್ಕಾದರೋ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಜಾಗವನ್ನು ಬೇಡುತ್ತದೆ. ಉಬ್ಬುತ್ತದೆ, ಸಿಡಿಯುತ್ತದೆ, ಪದರಪದರವಾಗಿ ಕಳಚಿಬಿದ್ದು ಒಳಗಿನ ಕಬ್ಬಿಣವನ್ನು ಮತ್ತೆ ನೀರಿಗೂ ಗಾಳಿಗೂ ಬಿಟ್ಟುಕೊಡುತ್ತದೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಅದಕ್ಕೆ ಜಂಗು ಎನ್ನುತ್ತಾರೆ. ಪಾರ್ಸಿಯಲ್ಲಿ ತುಕ್ಕಿನ ಶಬ್ದವೂ ಕಾಳಗದ ಶಬ್ದವೂ ಬೇರೆ; ನಮ್ಮ ಜನರ ಬಾಯಲ್ಲಿ ಎರಡೂ ಒಂದೇ ಜಂಗ್ ಆಗಿವೆ. ಜಂಗಿಗೆಂದು ಮಾಡಿದ ತೋಪಿಗೆ ಈಗ ಜಂಗು ಹಿಡಿದಿದೆ ಎಂದು ನನ್ನ ಸೋದರಮಾವ ನಗುತ್ತಿದ್ದರು.

ಈ ಸಂಜೆ ನಾನು ಮಾತನಾಡಬೇಕಾದುದು ಅದೇ ಸೋದರಮಾವನ ಜೀಪಿನ ವಿಷಯ. ಸರಿಯಾಗಿ ಹೇಳುವುದಾದರೆ, ಅದರ ಹಿಂದಿನ ಗಾಲಿಗಳ ಬಳಿಯಿದ್ದ ಎರಡು ಶಾಕ್ ಅಬ್ಸಾರ್ಬರುಗಳ ವಿಷಯ. ಸಾಹಿತ್ಯಪ್ರಿಯರಾದ ತಾವು ಇದೇನು ಗ್ಯಾರೇಜಿನ ಮಾತು ಎಂದು ಬೇಸರಿಸಬಾರದು. ಗಾಡಿಯಲ್ಲಿ ಕುಳಿತುಕೊಳ್ಳದವರು ಇಂದು ಯಾರಿದ್ದಾರೆ?

ಮಾವನವರ ಊರು ಕಳ್ಳಕವಟಗಿ, ಈಗಿನ ತಿಕೋಟಾ ತಾಲೂಕಿನದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆ ನಮ್ಮದು; ಅದೂ ಬಂದರೆ ಬಂತು. ಇಂಥ ಒಣ ಸೀಮೆಯಲ್ಲಿ ತುಕ್ಕಿನ ಭಯ ಯಾರಿಗೂ ಇರುವುದಿಲ್ಲ. ತುಕ್ಕೆಂದರೆ ಮಂಗಳೂರು, ಕಾರವಾರಗಳ ಕಡಲ ಗಾಳಿಯ ಪೀಡೆ, ನಮಗೇನು ಎಂಬ ಭಾವನೆ. ಮಾವನವರದೂ ಅದೇ ನಂಬಿಕೆಯಾಗಿತ್ತು. ಜೀಪು ಅವರ ದ್ರಾಕ್ಷಿ ತೋಟದ ಎತ್ತು. ಗೊಬ್ಬರ, ಮೈಲುತುತ್ತಿನ ಚೀಲ, ಔಷಧಿಯ ಡ್ರಮ್ಮು, ಒಣದ್ರಾಕ್ಷಿಯ ಪೆಟ್ಟಿಗೆ, ಮನೆಮಂದಿ, ಎಲ್ಲವನ್ನೂ ಅದು ಹೊರುತ್ತಿತ್ತು. ಒಮ್ಮೆ ನಾನು ಹಿಂದಿನ ಗಾಲಿಯ ಬಳಿ ಎಣ್ಣೆಯ ಪಸೆ ಕಂಡು, "ಮಾಮಾ, ಇದು ಸೋರಾಕ ಹತ್ತೈತಿ ನೋಡ್ರಿ" ಎಂದೆ. "ಸೋರ್ಲಿ ಬಿಡಪಾ, ಭಾರ ಹೊರೋದು ಪಟ್ಟಿ, ಅದೇನು ಹೊರತೈತಿ?" ಎಂದರು.

ಅವರ ಮಾತು ಅರ್ಧ ನಿಜವಾಗಿತ್ತು. ಗಾಡಿಯ ಭಾರವನ್ನು ಹೊರುವುದು ಕಮಾನುಪಟ್ಟಿಗಳೇ, ಇಲ್ಲವೆ ಸುರುಳಿ ಸ್ಪ್ರಿಂಗುಗಳು. ಆದರೆ ಸ್ಪ್ರಿಂಗಿಗೆ ಒಂದು ದುರ್ಗುಣವಿದೆ. ಒಮ್ಮೆ ಅದುಮಿಸಿಕೊಂಡರೆ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಒಂದು ಕೊಳವೆ, ಅದರೊಳಗೆ ಎಣ್ಣೆ, ಎಣ್ಣೆಯಲ್ಲಿ ಓಡಾಡುವ ಒಂದು ಪಿಸ್ಟನ್ನು, ಅದಕ್ಕೆ ಹೊಳಪಾದ ಒಂದು ಉಕ್ಕಿನ ದಂಡ. ಗಾಲಿ ಏರಿಳಿದಾಗ ಎಣ್ಣೆಯು ಸಣ್ಣ ರಂಧ್ರಗಳಲ್ಲಿ ತಿಣುಕುತ್ತ ನುಸುಳಬೇಕಾಗುತ್ತದೆ. ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಎಣ್ಣೆ ಸೋರಿಹೋದರೆ ಗಾಲಿಗೆ ಲಗಾಮಿಲ್ಲ. ತಗ್ಗುದಿಣ್ಣೆಯಲ್ಲಿ ಅದು ನೆಲವನ್ನು ಬಿಟ್ಟು ನೆಗೆಯುತ್ತದೆ, ಮತ್ತು ನೆಲ ಬಿಟ್ಟ ಗಾಲಿಗೆ ಬ್ರೇಕು ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ.

ಅದೇ ಚಳಿಗಾಲದ ಒಂದು ರಾತ್ರಿ, ಮಾವ ಮತ್ತು ಅತ್ತೆ ವಿಜಯಪುರದಿಂದ ಮರಳುತ್ತಿದ್ದಾಗ, ದೀಪವಿಲ್ಲದ ಚಕ್ಕಡಿಯೊಂದು ಅವರಿಗೆ ಅಡ್ಡವಾಯಿತು. ಮಾವ ಬ್ರೇಕು ಒತ್ತಿದರು. ರಸ್ತೆ ಅಲ್ಲಿ ಹಾಳಾಗಿತ್ತು. ಹಿಂಭಾಗ ಎರಡು ಬಾರಿ ಕುಪ್ಪಳಿಸಿ ಪಕ್ಕಕ್ಕೆ ಎಳೆಯಿತು; ಜೀಪು ಬಿಳಿಜೋಳದ ಹೊಲಕ್ಕಿಳಿದು ನಿಂತಿತು. ಎತ್ತುಗಳಿಗೆ ಏನೂ ಆಗಲಿಲ್ಲ, ಚಕ್ಕಡಿಯವನಿಗೂ ಏನೂ ಆಗಲಿಲ್ಲ. ಅತ್ತೆಯ ಬಲ ಮುಂಗೈ ಮುರಿಯಿತು. ಎಲುಬು ಕೂಡಿತು, ಆದರೆ ಸರಿಯಾಗಿ ಕೂಡಲಿಲ್ಲ. ಆಮೇಲೆ ಆ ಕೈಯಿಂದ ಅವರಿಗೆ ರೊಟ್ಟಿ ಬಡಿಯಲಾಗಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಇದರ ಅರ್ಥವೇನೆಂಬುದು ತಮಗೆ ತಿಳಿದೇ ಇದೆ.

ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಕೊಳವೆಯ ಹೊರಮೈಗೆ ಹಿಡಿದ ಜಂಗು ದಪ್ಪವಾಗಿಯೇ ಇತ್ತು, ಆದರೆ ಅದು ಯಾರಿಗೂ ಕೇಡು ಮಾಡಿರಲಿಲ್ಲ. ಕೇಡು ಇದ್ದದ್ದು ಹೊಳೆಯುವ ದಂಡದಲ್ಲಿ. ಎಳ್ಳುಕಾಳಿಗಿಂತ ಚಿಕ್ಕವಾದ ಆರೇಳು ಗುಳಿಗಳು, ಅಷ್ಟೇ. ಆ ದಂಡದ ಮೇಲೆ ಗಟ್ಟಿ ಕ್ರೋಮಿಯಂ ಲೇಪವಿರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 10ರಿಂದ 25 ಮೈಕ್ರಾನು. ಸಾವಿರ ಮೈಕ್ರಾನು ಸೇರಿದರೆ ಒಂದು ಮಿಲಿಮೀಟರು. ನಮ್ಮ ತಲೆಗೂದಲು ಇದಕ್ಕಿಂತ ದಪ್ಪ! ಒಂದು ಹರಳು ಸಿಡಿದು ಆ ಲೇಪ ಎಲ್ಲಿಯಾದರೂ ಚಕ್ಕೆಯೆದ್ದರೆ ಸಾಕು. ಸುತ್ತಲಿನ ಕ್ರೋಮಿಯಂ ತಾನು ಸುರಕ್ಷಿತವಾಗಿ ಉಳಿದು, ಆ ಸಣ್ಣ ತೂತಿನಲ್ಲಿ ಕಾಣುವ ಉಕ್ಕನ್ನೇ ತುಕ್ಕಿಗೆ ಒಪ್ಪಿಸಿಬಿಡುತ್ತದೆ. ಹೀಗೆ ಹುಟ್ಟಿದ ಗುಳಿಯ ಅಂಚು ಹರಿತವಾಗಿರುತ್ತದೆ. ದಂಡ ಒಳಹೋಗಿ ಹೊರಬರುವಾಗಲೆಲ್ಲ ಅದು ಎಣ್ಣೆಯನ್ನು ತಡೆಯುವ ರಬ್ಬರು ಸೀಲಿನ ತುಟಿಯನ್ನು ಗೀರುತ್ತದೆ. ಆಮೇಲೆ ಎಣ್ಣೆ ಹೊರಕ್ಕೆ, ಧೂಳು ಒಳಕ್ಕೆ.

ಉಪಲಿ ಬುರುಜಿನ ತೋಪು ಉಳಿದುದಕ್ಕೂ ಮಾವನ ಜೀಪಿನ ದಂಡ ಕೆಟ್ಟುದಕ್ಕೂ ಇರುವ ವ್ಯತ್ಯಾಸ ಇದೇ. ತೋಪಿಗೆ ತುಕ್ಕಿಗೆ ಕೊಡಲು ಬೇಕಾದಷ್ಟು ಮೈಯಿದೆ. ಒಂದು ಮಿಲಿಮೀಟರು ಹೋದರೂ ಅದಕ್ಕೆ ಲೆಕ್ಕವಿಲ್ಲ. ದಂಡಕ್ಕೆ ಕೊಡಲು ಏನೂ ಇಲ್ಲ.

ಇನ್ನು, ಒಣ ಸೀಮೆಯಲ್ಲಿ ಈ ಗುಳಿಗಳು ಹುಟ್ಟಿದ್ದಾದರೂ ಹೇಗೆ? ತುಕ್ಕಿಗೆ ಧಾರಾಕಾರ ಮಳೆ ಬೇಕಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾದ ತೇವ ಸಾಕು. ಮಳೆ ತೊಳೆದು ಹೋಗುತ್ತದೆ, ತೇವ ಕುಳಿತುಕೊಳ್ಳುತ್ತದೆ. ನಮ್ಮ ಎರೆಮಣ್ಣು ಒಮ್ಮೆ ಅಂಟಿತೆಂದರೆ ಮೇಲೆ ಒಣಗಿ ಬಿರಿದರೂ ಒಳಗೆ ಹಸಿಯನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಬೆಳೆಗೆ ಅದು ಅಮೃತ, ಕಬ್ಬಿಣಕ್ಕೆ ವಿಷ. ಅದರ ಮೇಲೆ ನಮ್ಮ ನೀರು. ಜತ್ತ ಸೀಮೆಯಲ್ಲಿ ಹುಟ್ಟಿ ನಮ್ಮ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವ ಡೋಣಿಯ ನೀರು ಉಪ್ಪೆಂಬುದು ಎಲ್ಲರಿಗೂ ಗೊತ್ತು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಾಡಿಹೊಗಳಿದ ಜನರೇ ಆ ನೀರನ್ನು ಬಾಯಿಗೆ ಹಾಕುವುದಿಲ್ಲ. ಈ ಭಾಗದ ಎಷ್ಟೋ ಬಾವಿ, ಕೊಳವೆಬಾವಿಗಳ ನೀರೂ ಸವಳು. ಅಂಥ ನೀರಿನಲ್ಲಿ ಗಾಡಿ ತೊಳೆದರೆ ನೀರು ಆರಿಹೋಗಿ ಉಪ್ಪು ಉಳಿಯುತ್ತದೆ. ಉಪ್ಪು ರಾತ್ರಿಯ ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ. ಮಾವನವರು ಜೀಪನ್ನು ಪ್ರತಿ ಅಮಾವಾಸ್ಯೆಗೆ ತಪ್ಪದೆ ತೊಳೆಯುತ್ತಿದ್ದರು, ತೊಳೆದು ಪೂಜೆಯನ್ನೂ ಮಾಡುತ್ತಿದ್ದರು. ನೀರು ಮಾತ್ರ ಸವಳು ಬಾವಿಯದು.

ಮೈಲುತುತ್ತಿನ ಕತೆ ಬೇರೆ. ದ್ರಾಕ್ಷಿ ಬೆಳೆಗಾರರೆಲ್ಲ ಬೋರ್ಡೋ ದ್ರಾವಣವನ್ನು ಬಲ್ಲರು: 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಅವರು ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ಹಿಡಿಯುತ್ತಾರೆ. ಚಾಕುವಿನ ಅಲಗು ಕೆಂಪೇರಿದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ತಾಮ್ರದ್ದು. ಅಷ್ಟೇ ಪ್ರಮಾಣದ ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟಿರುತ್ತದೆ. ಈ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಯಾರೂ ಕಲಸುವುದಿಲ್ಲ. ಮಾವನವರೂ ಎಂದೂ ಕಲಸಿದವರಲ್ಲ. ಆದರೆ ಮೈಲುತುತ್ತಿನ ಹರಿದ ಚೀಲವನ್ನು ಜೀಪಿನ ಹಿಂಭಾಗದಲ್ಲಿ ಹಾಕಿಕೊಂಡು ಬರುತ್ತಿದ್ದರು. ಅದರ ಪುಡಿ ನೆಲಹಾಸಿನ ಸಂದಿನಿಂದ ಕೆಳಗಿಳಿದು ಎಲ್ಲಿ ಕುಳಿತಿತ್ತೆಂಬುದನ್ನು ಬಿಚ್ಚಿದ ಮೇಲೆ ಕಂಡೆವು. ಬೋಲ್ಟಿನ ತಲೆಯ ಸುತ್ತ ತಿಳಿನೀಲಿಯ ಪುಡಿ ಇನ್ನೂ ಇತ್ತು.

ಮೂರನೆಯದು ಗಂಧಕ. ಒಣದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಗಂಧಕದ ಹೊಗೆ ಕೊಡುವ ರೂಢಿಯುಂಟು. ವೆರ್ನನ್ ಎಂಬ ಬ್ರಿಟಿಷ್ ರಸಾಯನಜ್ಞನು 1930ರ ದಶಕದಲ್ಲಿ ತೋರಿಸಿಕೊಟ್ಟ ಸಂಗತಿ ಇದು: ಶುದ್ಧ ಗಾಳಿಯಲ್ಲಿ ಕಬ್ಬಿಣ ನಿಧಾನವಾಗಿ ತುಕ್ಕು ಹಿಡಿಯುತ್ತದೆ, ಗಾಳಿಯಲ್ಲಿ ಗಂಧಕದ ಹೊಗೆಯ ಅಂಶವಿದ್ದು ಆರ್ದ್ರತೆ ಶೇಕಡಾ 60ನ್ನು ದಾಟಿದರೆ ಅದರ ವೇಗ ಒಮ್ಮೆಲೇ ಏರುತ್ತದೆ. ಹೊಗೆ ಹಾಕುವ ಕೋಣೆಯ ಗೋಡೆಗೆ ಒತ್ತಿ ಗಾಡಿ ನಿಲ್ಲಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ತಿಪ್ಪೆಯ ಬದಿಯೂ ಬೇಡ.

ಪರಿಹಾರ ದುಬಾರಿಯದೇನಲ್ಲ, ಸ್ವಲ್ಪ ಬಗ್ಗಿ ನೋಡುವ ತಾಳ್ಮೆ ಬೇಕು. ಹಸಿ ಹೊಲದಿಂದ ಬಂದ ಗಾಡಿಯ ಕೆಸರನ್ನು ಒಣಗುವ ಮೊದಲೇ ತೊಳೆಯಬೇಕು, ಕಡೆಯ ನೀರಾದರೂ ಸಿಹಿನೀರಾಗಿರಬೇಕು. ಪಂಪಿನ ಬಿರುಸು ಧಾರೆಯನ್ನು ಸೀಲಿನ ಮೇಲೆ ನೇರವಾಗಿ ಬಿಟ್ಟರೆ ಕೆಸರನ್ನು ನಾವೇ ಒಳಗೆ ನುಗ್ಗಿಸಿದಂತೆ. ದಂಡವನ್ನು ಮೆತ್ತನೆಯ ಶುಭ್ರ ಬಟ್ಟೆಯಿಂದ ಒರೆಸಬೇಕು. ಅದಕ್ಕೆ ಬಣ್ಣ ಬಳಿಯಕೂಡದು, ಉಸುಕು ಕಾಗದದಿಂದ ಉಜ್ಜಕೂಡದು. ಗ್ರೀಸು ಹಚ್ಚುವುದು ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು. ಗ್ರೀಸು ಧೂಳನ್ನು ಕೂಡಿಸಿಕೊಂಡು ಸಾಣೆಯ ಹಿಟ್ಟಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಮಾತ್ರ ತಿಳಿ ಎಣ್ಣೆಯ ತೆಳುಪಸೆ ಸವರಿ, ಹೊರಡುವ ಮುನ್ನ ಒರೆಸಿಬಿಡಬಹುದು.

ಕೊಳವೆಯ ಹೊರಮೈ ಇಷ್ಟು ಸೂಕ್ಷ್ಮವಲ್ಲ. ತಂತಿಯ ಬ್ರಶ್ಶಿನಿಂದ ಜಂಗು ಕೆರೆದು, ಚೆನ್ನಾಗಿ ಒಣಗಿಸಿ, ರೆಡ್ ಆಕ್ಸೈಡ್ ಹಚ್ಚಿ ಮೇಲೆ ಎನಾಮೆಲ್ ಬಣ್ಣ ಬಳಿದರೆ ಸಾಕು. ಜಂಗಿನ ಮೇಲೆಯೇ ಬಣ್ಣ ಬಳಿದರೆ ಅದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ಬೋಲ್ಟುಗಳನ್ನು ಬಿಗಿಯುವಾಗ ಅಲ್ಲಿ ಮಾತ್ರ ಸ್ವಲ್ಪ ಗ್ರೀಸು ಇರಲಿ; ಮುಂದೆ ಬಿಚ್ಚುವವನು ಹರಸುತ್ತಾನೆ. 1983ರ ಕೊನೆಗೆ ಮಾರುತಿ 800 ಬಂದಂದಿನಿಂದ ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾದ ಚಿಕ್ಕ ಕಾರುಗಳಲ್ಲಿ, ಮುಂದಿನ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಮೈಗೆ ಬೆಸೆದ ಒಂದು ಬಟ್ಟಲಿನ ಮೇಲೆ ಕೂತಿರುತ್ತದೆ. ಅಲ್ಲಿ ಹೊರಮೈಯ ಜಂಗನ್ನೂ ಅಲಕ್ಷಿಸುವಂತಿಲ್ಲ. ಬಟ್ಟಲಿನಲ್ಲಿ ಕೆಸರು ನಿಂತು ತಳ ತೂತಾದರೆ ಸ್ಪ್ರಿಂಗು ಮುರಿದುಕೊಂಡು ಇಳಿದು ಟಯರನ್ನೇ ಸೀಳಬಹುದು.

ದಂಡವನ್ನು ಮುಚ್ಚುವ ರಬ್ಬರಿನ ಚೀಲವೊಂದು ಹಲವು ಗಾಡಿಗಳಿಗಿರುತ್ತದೆ. ಹರಿದರೆ ಅದನ್ನು ಕೂಡಲೆ ಬದಲಾಯಿಸಬೇಕು. ಹರಿದ ಚೀಲ ಕೆಸರನ್ನು ಒಳಗೇ ಕಾಪಾಡಿಕೊಂಡು ಇರುತ್ತದೆ. ಹೊರಗೆ ಎಣ್ಣೆಯ ತೆಳು ಪಸೆ ಕಂಡರೆ ಹೆದರಬೇಕಿಲ್ಲ, ಹನಿ ತೊಟ್ಟಿಕ್ಕಿದರೆ ತಡಮಾಡಬಾರದು. ಗಾಡಿಯ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟು ನೋಡಿರಿ. ಒಮ್ಮೆ ಎದ್ದು ನಿಂತರೆ ಸರಿ. ತೂಗುತ್ತಲೇ ಇದ್ದರೆ ಒಳಗೆ ಎಣ್ಣೆಯಿಲ್ಲ. ಬದಲಿಸುವಾಗ ಒಂದೇ ಅಚ್ಚಿನ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಒಂದು ಹೊಸದು, ಇನ್ನೊಂದು ಹಳೆಯದು ಎಂದರೆ ಎಡಬಲದ ಹೆಜ್ಜೆ ಕೂಡುವುದಿಲ್ಲ. ಗುಳಿಬಿದ್ದ ದಂಡಕ್ಕೆ ಮನೆಮದ್ದಿಲ್ಲ.

ಮಾವನವರು ಆ ಹಳೆಯ ದಂಡಗಳಲ್ಲಿ ಒಂದನ್ನು ಗುಜರಿಗೆ ಹಾಕಲಿಲ್ಲ. ತೋಟದ ಮನೆಯ ಬಾಗಿಲ ಹಿಂದೆ ನಿಲ್ಲಿಸಿದ್ದರು. ತೋಟಕ್ಕೆ ಗಾಡಿ ತರುವ ಹುಡುಗರನ್ನು ಕರೆದು, ಅದರ ಮೇಲೆ ಉಗುರು ಎಳೆಯಲು ಹೇಳುತ್ತಿದ್ದರು. ಉಗುರು ಒಂದೆಡೆ ತಟ್ಟನೆ ತಡೆಯುತ್ತಿತ್ತು. "ಹತ್ತಿತೇನು?" ಎಂದು ಕೇಳುವರು. ಹುಡುಗರು ಹೂಂ ಎನ್ನುವರು. ಆಗ ಅವರು ಒಳಗೆ ಅಡುಗೆಮನೆಯ ಕಡೆ ನೋಡಿ, ಸುಮ್ಮನಾಗುತ್ತಿದ್ದರು. ಅಲ್ಲಿ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಒಲೆಯ ಮುಂದೆ ಕುಳಿತು ಎಡಗೈಯಿಂದ ಮಗುಚಿ ಹಾಕುತ್ತಿದ್ದರು.