ಮನೆಗೆ ಯಾವ ಗಣಕಯಂತ್ರ?
ಉಪನ್ಯಾಸದ ಪಠ್ಯ



ಕಲಬುರಗಿಯ ಕಪ್ಪುನೆಲದ ರೈತ ತೊಗರಿ ಬೀಜ ಕೊಳ್ಳಲು ಹೋದಾಗ ಎಕರೆಗೆ ಎಷ್ಟು ಕ್ವಿಂಟಲ್ ಎಂಬುದೊಂದನ್ನೇ ಕೇಳುವುದಿಲ್ಲ. ನೆಟೆರೋಗ ತಡೆಯುತ್ತದೆಯೇ ಎಂದೂ ಕೇಳುತ್ತಾನೆ. 1980ರ ದಶಕದಲ್ಲಿ ಬಿಡುಗಡೆಯಾದ ‘ಮಾರುತಿ’ ತಳಿ ಕರ್ನಾಟಕದ ತೊಗರಿ ಸೀಮೆಯಲ್ಲಿ ಹೆಸರು ಮಾಡಿದ್ದು ಆ ರೋಗವನ್ನು ತಾಳುವ ಗುಣದಿಂದ. ಇಳುವರಿ ಎಷ್ಟೇ ಇರಲಿ, ಹೂ ಬಿಡುವ ಹೊತ್ತಿಗೆ ಗಿಡ ಒಣಗಿದರೆ ಆ ಅಂಕಿಯಿಂದ ಏನೂ ಆಗದು. ಆದರೆ ಅದೇ ರೈತನ ಮನೆಗೆ ಗಣಕಯಂತ್ರ ತರುವ ದಿನ ಬಂದಾಗ ಈ ವಿವೇಕ ಅಂಗಡಿಯ ಮೆಟ್ಟಿಲಲ್ಲೇ ಉಳಿದುಬಿಡುತ್ತದೆ. ವೇಗವೆಷ್ಟು, ಜಿಬಿ ಎಷ್ಟು ಎಂಬ ಪ್ರಶ್ನೆಗಳು ಮಾತ್ರ ಒಳಗೆ ಹೋಗುತ್ತವೆ.

ಮಲೆನಾಡಿನ ಸಭೆಯಲ್ಲಿ ಕಲಬುರಗಿಯ ಮಾತೇಕೆ ಎಂದು ಅನ್ನಿಸಬಹುದು. ರಾಜ್ಯದ ಹವೆಯ ಎರಡು ತುದಿಗಳು ಇವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ. ಕಲಬುರಗಿಯಲ್ಲಿ 800ರ ಆಸುಪಾಸು. ಅಲ್ಲಿ ಯಂತ್ರವನ್ನು ಕೊಲ್ಲುವುದು ಬಿಸಿಲು ಮತ್ತು ಧೂಳು, ಇಲ್ಲಿ ಶೀತ ಮತ್ತು ಸಿಡಿಲು. ಆದರೂ ಎರಡೂ ಕಡೆಯ ಅಂಗಡಿಗಳಲ್ಲಿ ಮಾರಾಟವಾಗುವುದು ಒಂದೇ ಪೆಟ್ಟಿಗೆ. ಇಲ್ಲಿಯದನ್ನು ಇಲ್ಲಿಯವರು ಕಂಡು ಕಂಡು ಒಗ್ಗಿಹೋಗಿದ್ದಾರೆ. ಆದ್ದರಿಂದ ದೂರದ ಒಂದು ಮನೆಯನ್ನು ನೋಡಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ.

ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ 40 ಕಿಲೋಮೀಟರಿನ ಒಳಗೇ ಕಮಲಾಪುರ ಸಿಗುತ್ತದೆ. ಅಲ್ಲಿನ ಕೆಂಪು ಬಾಳೆ ಭೌಗೋಳಿಕ ಮಾನ್ಯತೆ ಪಡೆದದ್ದು. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ನೆಲದಲ್ಲಿ ನಿಲ್ಲುತ್ತದೆ, ಹೆಚ್ಚು ಬೆಲೆ ತರುತ್ತದೆ. ಆ ಕಣಿವೆಯ ಮಣ್ಣುನೀರು ಬಿಟ್ಟರೆ ಅದೇ ರುಚಿ ಬರುವುದಿಲ್ಲವೆಂದು ಬೆಳೆಯುವವರ ಮಾತು. ಅಂಥ ತೋಟವಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ದಿನವೂ ಬಸ್ಸಿನಲ್ಲಿ ಕಲಬುರಗಿಯ ಕಾಲೇಜಿಗೆ ಹೋಗಿ ಬರುತ್ತಾಳೆ, ಮಗ ಪ್ರೌಢಶಾಲೆಯಲ್ಲಿದ್ದಾನೆ. ಪಹಣಿ, ಬೆಳೆವಿಮೆ, ಪೇಟೆಧಾರಣೆಗಳನ್ನು ತಂದೆ ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಮಗಳಿಗೆ ಪ್ರಬಂಧ ಬರೆಯಬೇಕು, ಲೆಕ್ಕದ ಹಾಳೆ ಮಾಡಬೇಕು, ಪ್ರೋಗ್ರಾಮಿಂಗ್ ಕಲಿಯಬೇಕು. ಮನೆಯ ಮೂಲೆಯಲ್ಲಿ ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪ್ ಒಂದು ಬಟ್ಟೆ ಹೊದ್ದು ಕುಳಿತಿದೆ. ಲ್ಯಾಪ್‌ಟಾಪ್ ಕೊಳ್ಳುವುದೋ, ಕಲಬುರಗಿಗೆ ಹೋಗಿ ಬಿಡಿಭಾಗ ಜೋಡಿಸಿ ಹೊಸದನ್ನು ಕಟ್ಟಿಸುವುದೋ?

ಮೊದಲು ಬಿಸಿಲಿನ ಲೆಕ್ಕ. ಏಪ್ರಿಲ್–ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅನೇಕ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ ಬಳಕೆಯ ಗರಿಷ್ಠ ಉಷ್ಣತೆ 35 ಡಿಗ್ರಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅಂದರೆ ಪರೀಕ್ಷೆಯ ದಿನಗಳಲ್ಲೇ, ತಗಡಿನ ಸೂರಿನಡಿ, ಯಂತ್ರ ತನ್ನ ತಯಾರಕರು ಹಾಕಿದ ಗೆರೆಯನ್ನು ಮೀರಿ ದುಡಿಯುತ್ತದೆ. ಕಾವು ಹೆಚ್ಚಿದಂತೆ ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡ ವೇಗ ಬೇಸಿಗೆಯಲ್ಲಿ ಸಿಗುವುದೇ ಇಲ್ಲ. ಲಿಥಿಯಂ ಬ್ಯಾಟರಿಗೂ ಬಿಸಿ ಶತ್ರು. ಡೆಸ್ಕ್‌ಟಾಪಿನ ದೊಡ್ಡ ಪೆಟ್ಟಿಗೆಯಲ್ಲಿ ಗಾಳಿ ಆಡುತ್ತದೆ. ತೊಗರಿ ರಾಶಿಯ ಕಾಲದಲ್ಲಿ ಧೂಳು ತುಂಬಿದರೆ ಮುಚ್ಚಳ ತೆಗೆದು ಬ್ರಷ್ಷಿನಿಂದ ಗುಡಿಸಬಹುದು, ಹತ್ತನೆಯ ತರಗತಿಯ ಹುಡುಗನಿಗೂ ಅದು ಸಾಧ್ಯ.

ವಿದ್ಯುತ್ತಿನ ವಿಷಯದಲ್ಲಿ ಲ್ಯಾಪ್‌ಟಾಪಿಗೆ ಮೇಲುಗೈಯುಂಟು, ಅದನ್ನು ಮರೆಮಾಚಬೇಕಿಲ್ಲ. ಸಾಧಾರಣ ಡೆಸ್ಕ್‌ಟಾಪ್ ಪರದೆಯೂ ಸೇರಿ 80 ವ್ಯಾಟ್ ತೆಗೆದುಕೊಂಡರೆ, ದಿನಕ್ಕೆ 4 ತಾಸಿನಂತೆ ತಿಂಗಳಿಗೆ 10 ಯೂನಿಟ್ಟಿನಷ್ಟು. 25 ವ್ಯಾಟಿನ ಲ್ಯಾಪ್‌ಟಾಪಿಗೆ 3 ಯೂನಿಟ್. ಗೃಹಜ್ಯೋತಿ ಇರುವ ಮನೆಯ ಬಿಲ್ಲಿನಲ್ಲಿ ಈ ವ್ಯತ್ಯಾಸ ಕಾಣದಿರಬಹುದು. ಕರೆಂಟ್ ಹೋದಾಗ ಕಾಣುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಬೇರೆ ಯುಪಿಎಸ್ ಕೊಳ್ಳುವ ಮೊದಲು ಅದರ ಹಿಂಬದಿ ನೋಡಬೇಕು: ಹಲವು ಇನ್ವರ್ಟರುಗಳಲ್ಲಿ ‘ಯುಪಿಎಸ್ ಮೋಡ್’ ಎಂಬ ಗುಂಡಿಯಿರುತ್ತದೆ, ಅದನ್ನು ಒತ್ತಿದರೆ ಗಣಕ ಆರುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಎಸೆಯಬೇಕಾದ ಒಂದು ಸೀಸದ ಬ್ಯಾಟರಿಯಾದರೂ ಉಳಿಯುತ್ತದೆ.

ಆದರೆ ಪರಿಸರದ ದೃಷ್ಟಿಯಿಂದ ಮನೆಯ ಮೀಟರು ಕಥೆಯ ಕಿರಿಯ ಭಾಗ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನವು ಆ ಕಾಲದ ಒಂದು ಡೆಸ್ಕ್‌ಟಾಪ್ ಮತ್ತು 17 ಅಂಗುಲದ ಪರದೆಯನ್ನು ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕ, 1500 ಕಿಲೋ ನೀರು ಬೇಕೆಂದು ಲೆಕ್ಕ ಹಾಕಿತ್ತು. ಪರದೆಗಳು ಬದಲಾಗಿವೆ, ಅಂಕಿಗಳೂ ಬದಲಾಗಿರುತ್ತವೆ. ಆದರೆ ಲ್ಯಾಪ್‌ಟಾಪಿನ ಆಯುಷ್ಯದ ಇಂಗಾಲದಲ್ಲಿ ಬಹುಪಾಲು ಅದು ಮನೆಗೆ ಬರುವ ಮುನ್ನವೇ, ಕಾರ್ಖಾನೆಯಲ್ಲೇ ಖರ್ಚಾಗಿರುತ್ತದೆ ಎಂಬುದನ್ನು ತಯಾರಕರ ವರದಿಗಳೇ ಒಪ್ಪುತ್ತವೆ. ನಾಲ್ಕು ವರ್ಷಕ್ಕೆ ಎಸೆದ ‘ಮಿತವ್ಯಯಿ’ ಯಂತ್ರಕ್ಕಿಂತ ಹತ್ತು ವರ್ಷ ದುಡಿದ ಹಳೆಯ ಯಂತ್ರವೇ ಭೂಮಿಗೆ ಹಗುರ.

ಹೀಗಾಗಿ ಕಮಲಾಪುರದ ಆ ಮನೆಯಲ್ಲಿ ಮೊದಲು ತೆಗೆಯಬೇಕಾದದ್ದು ಮೂಲೆಯಲ್ಲಿರುವ ಪೆಟ್ಟಿಗೆಯ ಮೇಲಿನ ಬಟ್ಟೆಯನ್ನು. ತಿರುಗುವ ಹಾರ್ಡ್ ಡಿಸ್ಕಿನ ಜಾಗದಲ್ಲಿ ಒಂದು ಎಸ್‌ಎಸ್‌ಡಿ, ಮೆಮೊರಿ 8 ಜಿಬಿ: ಬರವಣಿಗೆ, ಲೆಕ್ಕ, ಪಾಠದ ವಿಡಿಯೊ, ಪ್ರೋಗ್ರಾಮಿಂಗ್ ಅಭ್ಯಾಸ ಇಷ್ಟಕ್ಕೂ ಸಾಕಾಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಜಗತ್ತಿನೆಲ್ಲೆಡೆ ಏರಿತು; ಆದ್ದರಿಂದ ಹಳೆಯ ಯಂತ್ರದಲ್ಲಿರುವ ಮೆಮೊರಿ ಪಟ್ಟಿಯನ್ನು ಗುಜರಿಗೆ ಹಾಕುವುದು ಅವಿವೇಕ. ಅಂಗಡಿಯವರು ಇಲ್ಲಿ ಒಂದು ಮಾತು ಹೇಳುತ್ತಾರೆ: ವಿಂಡೋಸ್ 10ಕ್ಕೆ ಬೆಂಬಲ ನಿಂತಿದೆ, ಹಳೆಯದರ ಮೇಲೆ 11 ಕೂರುವುದಿಲ್ಲ, ಹೊಸದೇ ಗತಿ. ಮೊದಲೆರಡು ಮಾತು ನಿಜ. 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಳೆಯ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಮೂರನೆಯದು ನಿಜವಲ್ಲ. ಉಚಿತವಾದ ಲಿನಕ್ಸ್ ಹಾಕಿದರೆ ಅದೇ ಯಂತ್ರ ಭದ್ರವಾಗಿ ಮುಂದುವರಿಯುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಿನ ‘ಕಗಪ’ ಕೀಲಿಮಣೆಯೂ ಅದರಲ್ಲಿ ಅಡಕವಾಗಿದೆ. ಕಾಲೇಜು ಯಾವುದಾದರೂ ವಿಂಡೋಸ್ ತಂತ್ರಾಂಶವನ್ನೇ ಕಡ್ಡಾಯ ಮಾಡಿದ್ದರೆ ಮಾತ್ರ ಲೆಕ್ಕ ಬೇರೆ. ಅದನ್ನು ಕೊಳ್ಳುವ ಮುನ್ನ ವಿಚಾರಿಸಬೇಕು, ಕೊಂಡ ಮೇಲಲ್ಲ.

ಹಳೆಯದು ನಿಜಕ್ಕೂ ಸತ್ತಿದ್ದರೆ? ಆಗ ಜೋಡಿಸಿದ ಡೆಸ್ಕ್‌ಟಾಪ್. ಕಾರಣ ಬೆಲೆಯಲ್ಲ. ಪರದೆ ಕೆಟ್ಟರೆ ಪರದೆ, ಮೆಮೊರಿ ಕೆಟ್ಟರೆ ಮೆಮೊರಿ, ಒಂದೊಂದನ್ನೇ ಬದಲಿಸಬಹುದು. ಭಾಗ ಕಲಬುರಗಿಯ ಅಂಗಡಿಯಿಂದ ಸಂಜೆಯ ಬಸ್ಸಿಗೆ ಬರುತ್ತದೆ. ಈಗಿನ ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ತಾಯಿಹಲಗೆಗೇ ಬೆಸೆದಿರುತ್ತಾರೆ, ಒಂದು ಚಿಪ್ಪು ಹೋದರೆ ಇಡೀ ಹಲಗೆ ಹೋಯಿತು. ಜೋಡಿಸುವಾಗ ಜನ ಪ್ರೊಸೆಸರಿಗೆ ಹಣ ಸುರಿದು ಪವರ್ ಸಪ್ಲೈನಲ್ಲಿ ಉಳಿಸುತ್ತಾರೆ. ಅದು ತಲೆಕೆಳಗಾದ ಲೆಕ್ಕ. ಹಳ್ಳಿಯ ಏರಿಳಿಯುವ ವೋಲ್ಟೇಜಿನ ಮೊದಲ ಪೆಟ್ಟು ಬೀಳುವುದು ಅದರ ಮೇಲೆ. ಕಳಪೆಯದು ಸಾಯುವಾಗ ಜೊತೆಗಾರರನ್ನೂ ಕರೆದೊಯ್ಯುತ್ತದೆ. ಹೆಸರಿಲ್ಲದ ಪವರ್ ಸಪ್ಲೈ ಬೇಡ, ಮತ್ತು ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ಪರೀಕ್ಷಿಸಿಕೊಳ್ಳಬೇಕು.

ಮಗಳು ನಗರದಲ್ಲಿ ಹಾಸ್ಟೆಲಿಗೆ ಸೇರುವುದಾದರೆ ಲ್ಯಾಪ್‌ಟಾಪ್ ಬೇಡವೆನ್ನುವುದು ಹಟ. ಆಗ ಕಂಪನಿಗಳು ಬಳಸಿ ಬಿಟ್ಟ, ಮೆಮೊರಿ ಮತ್ತು ಬ್ಯಾಟರಿಗಳನ್ನು ಸ್ಕ್ರೂ ತೆಗೆದು ಬದಲಿಸಬಹುದಾದ, ಕಚೇರಿ ದರ್ಜೆಯ ಹಳೆಯ ಲ್ಯಾಪ್‌ಟಾಪನ್ನು ಬಿಲ್ಲು ಮತ್ತು ವಾರಂಟಿ ಸಮೇತ ಕೊಳ್ಳುವುದು ಲೇಸು.

ಇನ್ನೊಂದು ದಾರಿ 2020ರಿಂದ ತೆರೆದಿದೆ. ಕೀಲಿಮಣೆಯೊಳಗೇ ಇಡೀ ಗಣಕವಿರುವ ರಾಸ್ಪ್‌ಬೆರಿ ಪೈ 400 ಆ ವರ್ಷ ಬಂತು. ಪರದೆ ಬಿಟ್ಟರೆ ಅದಕ್ಕೆ ಬೇಕಾದದ್ದು ಕೆಲವೇ ವ್ಯಾಟ್. ತಾಳುವ ಉಷ್ಣತೆ 50 ಡಿಗ್ರಿಯವರೆಗೆಂದು ತಯಾರಕರೇ ಬರೆದಿದ್ದಾರೆ. ಸಣ್ಣ ಸೌರ ಫಲಕವಿರುವ ಒಂಟಿಮನೆಗೆ, ಕಲಿಯುವ ಮಕ್ಕಳಿಗೆ ಉತ್ತಮ. ಆದರೆ ಕೆಟ್ಟರೆ ತಾಲ್ಲೂಕಿನಲ್ಲಿ ಅದನ್ನು ಬಲ್ಲವರು ವಿರಳ. 2004ರಲ್ಲಿ ಮಾರುಕಟ್ಟೆಗೆ ಬಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಸೇರಿ ರೂಪಿಸಿದ ‘ಸಿಂಪ್ಯೂಟರ್’ ನೆನಪಾಗುತ್ತದೆ. ಭಾರತೀಯ ಭಾಷೆಗಳಲ್ಲಿ ಓದಿ ಹೇಳಬಲ್ಲ, ಹಳ್ಳಿಗೆಂದೇ ಯೋಚಿಸಿದ ಯಂತ್ರ ಅದು; ಹಳ್ಳಿಯನ್ನು ಮುಟ್ಟಿದ್ದು ಮಾತ್ರ ಮೊಬೈಲ್ ಫೋನು, ಏಕೆಂದರೆ ಅದರ ರಿಪೇರಿಯವನು ಬಸ್‌ಸ್ಟ್ಯಾಂಡಿನಲ್ಲೇ ಅಂಗಡಿ ತೆರೆದ. ಇದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಇದು ಸಣ್ಣದಲ್ಲ.

ಇನ್ನು ಈ ಬೆಟ್ಟದ ಊರುಗಳಿಗೆ. ಮಳೆಗಾಲದಲ್ಲಿ ಯಂತ್ರವನ್ನು ಪ್ಲಾಸ್ಟಿಕ್ ಹೊದಿಸಿ ತಿಂಗಳುಗಟ್ಟಲೆ ಇಡಬಾರದು. ದಿನಕ್ಕೊಂದು ತಾಸು ಚಾಲೂ ಮಾಡಿದರೆ ಅದರ ಬಿಸಿಯೇ ಶೀತವನ್ನು ಒಣಗಿಸುತ್ತದೆ. ಪೆಟ್ಟಿಗೆಯ ತೆರೆದ ಕಿಂಡಿಗಳನ್ನು ಮುಚ್ಚದಿದ್ದರೆ ಇರುವೆ, ಹಲ್ಲಿಗಳು ಸಂಸಾರ ಹೂಡುತ್ತವೆ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗು ಕೀಳಬೇಕು, ರೌಟರಿನಿಂದ ಬರುವ ತಂತಿಯನ್ನೂ. ಫೈಬರಿನಲ್ಲಿ ಸಿಡಿಲು ಹರಿಯದು, ಆದರೆ ರೌಟರಿನ ಅಡಾಪ್ಟರಿನ ಮೂಲಕ ಹರಿಯುತ್ತದೆ.

ಕೊನೆಗೆ ಹಳೆಯದರ ವಿಲೇವಾರಿ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು. ಕ್ರಮಬದ್ಧವಾಗಿ ಸಂಗ್ರಹವಾದದ್ದು ಶೇಕಡಾ 22.3. ಉಳಿದದ್ದರಲ್ಲಿ ತಾಮ್ರಕ್ಕಾಗಿ ಹಿತ್ತಲಲ್ಲಿ ಸುಡುವ ತಂತಿಗಳೂ ಇವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಆದ್ದರಿಂದ ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಯಾರು ಒಯ್ಯುತ್ತಾರೆ ಎಂದು ಕೇಳಿ, ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವವರಿಗಷ್ಟೇ ಕೊಡಬೇಕು. ಒಂದೂರಿನ ಹತ್ತು ಮನೆಗಳು ಸೇರಿ ಒಟ್ಟುಮಾಡಿದರೆ ಸಾಗಾಟದ ಖರ್ಚು ಹಂಚಿಹೋಗುತ್ತದೆ. ಹಾರ್ಡ್ ಡಿಸ್ಕನ್ನು ಮಾತ್ರ ಮೊದಲೇ ಬಿಚ್ಚಿ ಮನೆಯಲ್ಲಿ ಉಳಿಸಿಕೊಳ್ಳಿ. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಚಿತ್ರ, ಮಕ್ಕಳ ಅಂಕಪಟ್ಟಿ ಎಲ್ಲವೂ ಅದರಲ್ಲೇ ಇರುತ್ತವೆ.