ಡಚ್ಚರ ಫುಟ್‌ಬಾಲ್: ನೀರು, ಜಾಗ, ಜಗಳ

ಇವತ್ತು ನೇರವಾಗಿ ಒಂದು ಮ್ಯಾಚಿಂದಲೇ ಶುರು ಮಾಡೋಣ. 1974ರ ಜುಲೈ 7, ಮ್ಯೂನಿಕ್, ವರ್ಲ್ಡ್ ಕಪ್ ಫೈನಲ್. ಒಂದು ಕಡೆ ಸ್ವಂತ ನೆಲದಲ್ಲಿ ಆಡ್ತಿರೋ ಪಶ್ಚಿಮ ಜರ್ಮನಿ, ಇನ್ನೊಂದು ಕಡೆ ಕಿತ್ತಳೆ ಜೆರ್ಸಿಯ ನೆದರ್ಲೆಂಡ್ಸ್. ಕಿಕ್ ಆಫ್ ಡಚ್ಚರದು. ಒಬ್ಬ ಇನ್ನೊಬ್ಬನಿಗೆ ಪಾಸ್ ಕೊಡ್ತಾನೆ, ಅವನು ಮತ್ತೊಬ್ಬನಿಗೆ. ಹೀಗೇ ಹನ್ನೆರಡಕ್ಕಿಂತ ಹೆಚ್ಚು ಪಾಸ್. ಆಮೇಲೆ ಯೋಹಾನ್ ಕ್ರೈಫ್ ಚೆಂಡು ತಗೊಂಡು ನುಗ್ತಾನೆ, ಬಾಕ್ಸ್ ಹತ್ರ ಅವನನ್ನ ಬೀಳಿಸ್ತಾರೆ, ಪೆನಾಲ್ಟಿ. ನೇಸ್ಕೆನ್ಸ್ ಹೊಡೆದ, ಗೋಲ್. ಜರ್ಮನಿಯವರು ಆ ಮ್ಯಾಚಲ್ಲಿ ಮೊದಲ ಸಲ ಚೆಂಡು ಮುಟ್ಟಿದ್ದು ಅವರ ಗೋಲಿ ನೆಟ್ಟಿಂದ ಅದನ್ನ ಎತ್ಕೊಂಡಾಗ!

ಕೊನೆಗೆ ಡಚ್ಚರು 2-1ರಲ್ಲಿ ಸೋತರು. ಆದ್ರೆ 50 ವರ್ಷ ಆದ್ಮೇಲೂ ಜನ ಮಾತಾಡೋದು ಸೋತ ಟೀಮ್ ಬಗ್ಗೆ. ಯಾಕೆ? ಆ ಆಟ ಎಲ್ಲಿಂದ ಬಂತು?

ಇದಕ್ಕೊಂದು ಫೇಮಸ್ ಉತ್ತರ ಇದೆ. ಡೇವಿಡ್ ವಿನ್ನರ್ ಅನ್ನೋ ಬ್ರಿಟಿಷ್ ಲೇಖಕರು ಬರೆದ 'ಬ್ರಿಲಿಯಂಟ್ ಆರೆಂಜ್' ಪುಸ್ತಕದಿಂದ ಜನಪ್ರಿಯ ಆಗಿದ್ದು. ನೆದರ್ಲೆಂಡ್ಸ್ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕ ದೇಶ. ಅದರಲ್ಲೂ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅವರು ಒಡ್ಡು ಕಟ್ಟಿ, ಒಳಗಿನ ನೀರು ಹೊರಗೆ ಹಾಕಿ, ನೆಲವನ್ನೇ ತಯಾರು ಮಾಡಿದವರು. ಅಂಥ ನೆಲಕ್ಕೆ ಪೋಲ್ಡರ್ ಅಂತಾರೆ. ಬೇಮ್‌ಸ್ಟರ್ ಅಂತ ಒಂದಿದೆ. 1612ರ ತನಕ ಅದು ಕೆರೆ, ಆಮೇಲೆ ಗೆರೆ ಹಾಕಿದ ಹಾಗೆ ನೇರ ರಸ್ತೆ, ನೇರ ಕಾಲುವೆ, ಚೌಕ ಚೌಕ ಹೊಲ. ಇಂಥವರು ಫುಟ್‌ಬಾಲ್ ಮೈದಾನ ನೋಡಿದಾಗ ಮೊದಲು ಕಾಣೋದು ಆಟಗಾರ ಅಲ್ಲ, ಖಾಲಿ ಜಾಗ ಅನ್ನೋದು ವಾದ. ಕಡಿಮೆ ಇರೋ ವಸ್ತುವಿಗೇ ಬೆಲೆ ಜಾಸ್ತಿ ಅಂತ ಬಿ.ಕಾಂ ಫಸ್ಟ್ ಇಯರಲ್ಲೇ ಓದಿದೀವಲ್ಲ, ಅದೇ ಲೆಕ್ಕ.

ಮೈದಾನದಲ್ಲಿ ಇದು ಹೇಗೆ ಕಾಣ್ತಿತ್ತು ಅಂದ್ರೆ, ಚೆಂಡು ನಮ್ಮ ಹತ್ರ ಇದ್ರೆ ಮೈದಾನ ದೊಡ್ಡದು ಮಾಡು, ಅವರ ಹತ್ರ ಇದ್ರೆ ಚಿಕ್ಕದು ಮಾಡು. ದೊಡ್ಡದು ಮಾಡೋಕೆ ವಿಂಗರ್‌ಗಳು ಗೆರೆ ಹತ್ರಾನೇ ನಿಲ್ತಿದ್ರು. ಚಿಕ್ಕದು ಮಾಡೋಕೆ ಡಿಫೆಂಡರ್‌ಗಳು ಹಿಂದೆ ಓಡದೆ ಒಟ್ಟಿಗೆ ಮುಂದಕ್ಕೆ ಓಡ್ತಿದ್ರು, ಎದುರಾಳಿ ಆಫ್‌ಸೈಡ್! ಅದೇ ವರ್ಲ್ಡ್ ಕಪ್‌ನ ಉರುಗ್ವೆ ಮ್ಯಾಚ್ ವಿಡಿಯೋ ನೋಡಿ. ಪಾಪ, ಚೆಂಡು ಹಿಡಿದವನ ಮೇಲೆ ನಾಲ್ಕೈದು ಜನ ಜೇನುಹುಳದ ಹಾಗೆ ಮುಗಿಬೀಳ್ತಾರೆ.

ಇನ್ನು ಟೋಟಲ್ ಫುಟ್‌ಬಾಲ್. ಎಲ್ಲರೂ ಎಲ್ಲ ಕಡೆ ಆಡೋದು ಅಂತ ಸುಲಭವಾಗಿ ಹೇಳಿಬಿಡ್ತೀವಿ. ಅಸಲಿಗೆ ಅದು ಉಳಿತಾಯದ ಲೆಕ್ಕ. ಎಡಗಡೆ ಬ್ಯಾಕ್ ರೂಡ್ ಕ್ರೋಲ್ 70 ಮೀಟರ್ ಮುಂದೆ ನುಗ್ಗಿದ ಅಂದ್ಕೊಳ್ಳಿ. ಹಳೇ ರೀತಿಯಲ್ಲಾದ್ರೆ ವಾಪಸ್ 70 ಮೀಟರ್ ಓಡ್ಬೇಕು. ಇಲ್ಲಿ ಅದೇ ಸಾಲಿನ ಇನ್ನೊಬ್ಬ ಅವನ ಜಾಗಕ್ಕೆ ಇಳೀತಾನೆ, ಕ್ರೋಲ್ ಅಲ್ಲೇ ಮುಂದೆ ಇರ್ತಾನೆ. ಓಟ ಅರ್ಧ ಉಳೀತು.

ಸರಿ, ಕಥೆ ಚೆನ್ನಾಗಿದೆ. ಆದ್ರೆ ನನಗೊಂದು ಡೌಟು. ಸಮುದ್ರ, ಪೋಲ್ಡರ್ ಎಲ್ಲ ನೂರಾರು ವರ್ಷದಿಂದ ಇತ್ತಲ್ಲ? ಹಾಗಿದ್ರೂ 1938ರ ನಂತರ 1974ರ ತನಕ ಈ ದೇಶ ವರ್ಲ್ಡ್ ಕಪ್‌ಗೆ ಹೋಗೇ ಇರ್ಲಿಲ್ಲ. ದುಡ್ಡು ಕೊಟ್ಟು ಆಡಿಸೋ ಪ್ರೊಫೆಷನಲ್ ಫುಟ್‌ಬಾಲ್ ಬಂದಿದ್ದೇ 1954ರಲ್ಲಿ. ಬರೀ ನೆಲ ನೋಡಿದ್ರೆ ಇದು ಅರ್ಥ ಆಗಲ್ಲ. 60ರ ದಶಕದ ಆಮ್‌ಸ್ಟರ್‌ಡಾಮ್ ನೋಡ್ಬೇಕು. ಪ್ರೋವೋ ಅನ್ನೋ ಹುಡುಗರ ಗುಂಪು ಬೀದಿಯಲ್ಲಿ ಪೊಲೀಸರನ್ನ ಕೆಣಕ್ತಾ, ಊರಿಗೆಲ್ಲ ಫ್ರೀ ಸೈಕಲ್ ಇಡ್ಬೇಕು ಅಂತಿದ್ದ ಕಾಲ. ದೊಡ್ಡವರು ಹೇಳಿದ್ದಕ್ಕೆ 'ಯಾಕೆ?' ಅಂತ ಕೇಳೋ ತಲೆಮಾರು. 1965ರಲ್ಲಿ ರೈನಸ್ ಮಿಖೆಲ್ಸ್ ಅನ್ನೋ ಪಿಟಿ ಮೇಷ್ಟ್ರು ಅಯಾಕ್ಸ್ ಕ್ಲಬ್‌ಗೆ ಕೋಚ್ ಆಗಿ ಬಂದಾಗ ಆ ಟೀಮ್ ಪಾಯಿಂಟ್ ಪಟ್ಟಿಯ ತಳದಲ್ಲಿ ಒದ್ದಾಡ್ತಿತ್ತು. ಅಲ್ಲೇ ಸ್ಟೇಡಿಯಂ ಪಕ್ಕದ ಏರಿಯಾದಲ್ಲಿ ಬೆಳೆದ ಹುಡುಗ ಕ್ರೈಫ್. 12 ವರ್ಷಕ್ಕೇ ತಂದೆ ತೀರಿಕೊಂಡಿದ್ರು, ಅಮ್ಮ ಅದೇ ಕ್ಲಬ್ಬಲ್ಲಿ ಕ್ಲೀನಿಂಗ್ ಕೆಲಸ ಮಾಡ್ತಿದ್ರು. ಮುಂದೆ 1971, 72, 73, ಸತತ ಮೂರು ಸಲ ಅಯಾಕ್ಸ್ ಯುರೋಪಿಯನ್ ಕಪ್ ಗೆಲ್ತು.

ನನ್ನ ಪ್ರಕಾರ ಪೋಲ್ಡರ್ ಕಲಿಸಿದ್ದು ಜಾಗದ ಲೆಕ್ಕ ಒಂದೇ ಅಲ್ಲ, ಮಾತಾಡೋದನ್ನೂ ಕಲಿಸ್ತು. ಒಡ್ಡು ಒಡೆದ್ರೆ ಸಾಹುಕಾರ, ಬಡವ ಎಲ್ಲರೂ ಮುಳುಗ್ತಾರೆ. ಅದಕ್ಕೇ 13ನೇ ಶತಮಾನದಿಂದಲೂ ಅಲ್ಲಿ ನೀರು ನೋಡ್ಕೊಳ್ಳೋಕೆ ಪ್ರತ್ಯೇಕ ಮಂಡಳಿಗಳಿವೆ. ಅವಕ್ಕೆ ಇವತ್ತಿಗೂ ಎಲೆಕ್ಷನ್ ನಡೆಯುತ್ತೆ. ಕೂತು ವಾದ ಮಾಡು, ಒಪ್ಪಂದಕ್ಕೆ ಬಾ. ಡಚ್ ಡ್ರೆಸ್ಸಿಂಗ್ ರೂಮೂ ಅಷ್ಟೇ. 20 ವರ್ಷದ ಹುಡುಗ ಕೋಚ್ ಎದುರು ನಿಂತು 'ನೀವು ಹೇಳಿದ್ದು ತಪ್ಪು' ಅಂತಾನೆ. ಎಲ್ಲರೂ ಪೂರ್ತಿ ಆಟ ಅರ್ಥ ಮಾಡ್ಕೊಂಡು, ಒಬ್ಬರಿಗೊಬ್ಬರು ಕೂಗಿ ಹೇಳದೆ ಇದ್ರೆ ಜಾಗ ಬದಲಿಸೋ ಆಟ ಆಡೋಕೇ ಆಗಲ್ಲ.

ಆದ್ರೆ ಇದೇ ಗುಣ ಆ ಟೀಮ್‌ನ ಒಡೆದಿದ್ದು. 1973ರ ಬೇಸಿಗೆ. ಕ್ರೈಫ್ ಆಗ ಕ್ಯಾಪ್ಟನ್. ಮುಂದಿನ ಕ್ಯಾಪ್ಟನ್ ಯಾರು ಅಂತ ಆಟಗಾರರೇ ವೋಟ್ ಹಾಕಿದ್ರು. ಗೆದ್ದಿದ್ದು ಪೀಟ್ ಕೈಜರ್! ಜಗತ್ತಿನ ಬೆಸ್ಟ್ ಆಟಗಾರನನ್ನ ಸಹ ಆಟಗಾರರು ವೋಟ್ ಹಾಕಿ ಇಳಿಸಿಬಿಟ್ರು. ಕೆಲವೇ ವಾರದಲ್ಲಿ ಕ್ರೈಫ್ ಬಾರ್ಸಿಲೋನಾಗೆ ಹೋದ. ಆ ಸೀಸನ್‌ನಲ್ಲೇ ಅಯಾಕ್ಸ್ ಬಲ್ಗೇರಿಯಾದ ಕ್ಲಬ್ ಎದುರು ಸೋತು ಯುರೋಪಿಯನ್ ಕಪ್‌ನಿಂದ ಹೊರಬಿತ್ತು. ಮತ್ತೆ ಆ ಕಪ್ ಗೆದ್ದಿದ್ದು 1995ರಲ್ಲಿ.

ಆಟ ಮಾತ್ರ ಕ್ರೈಫ್ ಜೊತೆ ಊರು ಬಿಡ್ತು. 1988ರಲ್ಲಿ ಕೋಚ್ ಆಗಿ ಬಾರ್ಸಿಲೋನಾಗೆ ಮರಳಿದ ಕ್ರೈಫ್ ಅದನ್ನ ಅಲ್ಲಿ ಬಿತ್ತಿದ, ಗಾರ್ಡಿಯೋಲಾ ಬೆಳೆದಿದ್ದು ಅವನ ಕೈಯಲ್ಲೇ. ಬೆಂಗಳೂರು ಎಫ್‌ಸಿ ಫ್ಯಾನ್‌ಗಳಿಗೆ ಒಂದು ಮಾತು: ನಮ್ಮನ್ನ 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಕರ್ಕೊಂಡು ಹೋದ ಆಲ್ಬರ್ಟ್ ರೋಕಾ ಇದ್ರಲ್ಲ, ಅವರು ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅನ್ನೋ ಡಚ್ ಕೋಚ್‌ಗೆ ಅಸಿಸ್ಟೆಂಟ್ ಆಗಿದ್ದವರು. ಹಾಗಾಗಿ ಈ ನೀರಿನ ಒಂದು ಹನಿ ಕಂಠೀರವಕ್ಕೂ ಬಂದಿತ್ತು ಅಂತ ನಾನು ಹೇಳ್ಕೋತೀನಿ.

2010ರ ಫೈನಲ್, ಜೊಹಾನ್ಸ್‌ಬರ್ಗ್. ಸ್ಪೇನ್ ಮತ್ತು ನೆದರ್ಲೆಂಡ್ಸ್. ಸ್ಪೇನ್ ಟೀಮಲ್ಲಿ ಆರೇಳು ಜನ ಬಾರ್ಸಿಲೋನಾದವರು, ಪಾಸ್ ಮೇಲೆ ಪಾಸ್. ಡಚ್ಚರು ಒದ್ದು, ತಳ್ಳಿ ಆಡಿದ್ರು. ನೈಜೆಲ್ ಡಿ ಯಾಂಗ್ ಎತ್ತಿದ ಕಾಲು ನೇರ ಚಾಬಿ ಅಲೋನ್ಸೋ ಎದೆಗೆ. 1-0, ಸ್ಪೇನ್ ಗೆಲ್ತು. ಆ ಆಟ ನೋಡಿ ಡಚ್ ಟೀಮ್‌ನ ಎಲ್ಲರಿಗಿಂತ ಜೋರಾಗಿ ಬೈದವನು ಕ್ರೈಫ್.

ಸರಿ, ಮುಂದಿನ ವಾರ ಸಿಗೋಣ.