ಕಾಫಿಯ ಕೂಲಿ



ಬೆಳಗಿನ ಕಾಫಿಯ ರುಚಿಯನ್ನು ಕುರಿತು ಮಾತನಾಡುವವರು ನಮ್ಮಲ್ಲಿ ಬಹಳ. ಅದರ ಹಣ್ಣನ್ನು ಬಿಡಿಸಿದವರ ದಿನಗೂಲಿ ಎಷ್ಟು, ಅಷ್ಟೇ ಏಕೆ ಎಂದು ಕೇಳಿದವರು ವಿರಳ. ಕನ್ನಡ ಮೇಷ್ಟರಿಗೆ ಈ ಗೊಡವೆಯೇಕೆ ಎನ್ನಬೇಡಿ; ಕಾಫಿ ಕುಡಿಯುವವನಿಗೆ ಇಷ್ಟು ಅಧಿಕಾರವುಂಟೆಂದು ತಿಳಿದಿದ್ದೇನೆ.

ಹಾಗೆ ಕೇಳಿದವರೊಬ್ಬರು ಆರ್ಥರ್ ಲೂಯಿಸ್. ವೆಸ್ಟ್ ಇಂಡೀಸಿನ ಸೇಂಟ್ ಲೂಸಿಯ ದ್ವೀಪದಲ್ಲಿ 1915ರಲ್ಲಿ ಹುಟ್ಟಿದ ಅವರಿಗೆ ಎಂಜಿನಿಯರಾಗುವ ಆಸೆಯಿತ್ತು. ಕರಿಯ ಎಂಜಿನಿಯರನಿಗೆ ಸರಕಾರವಾಗಲಿ ತೋಟದ ದೊರೆಗಳಾಗಲಿ ಕೆಲಸ ಕೊಡುತ್ತಿರಲಿಲ್ಲವಾಗಿ, ಲಂಡನ್ನಿಗೆ ಹೋಗಿ ವಾಣಿಜ್ಯವನ್ನು ಓದಿದರು. ಉಕ್ಕಿಗೂ ಕಾಫಿಗೂ ಬೆಲೆಯಲ್ಲಿ ಇಷ್ಟು ಅಂತರವೇಕೆ ಎಂಬ ಪ್ರಶ್ನೆ ಅವರನ್ನು ಬಹುಕಾಲ ಕಾಡಿತ್ತು. 1952ರ ಆಗಸ್ಟಿನಲ್ಲೊಂದು ದಿನ, ಬ್ಯಾಂಕಾಕಿನ ರಸ್ತೆಯಲ್ಲಿ ನಡೆದುಹೋಗುತ್ತಿದ್ದಾಗ, ಉತ್ತರ ಥಟ್ಟನೆ ಹೊಳೆಯಿತಂತೆ. 1954ರಲ್ಲಿ ಅದು ಪ್ರಬಂಧವಾಗಿ ಪ್ರಕಟವಾಯಿತು. ನೊಬೆಲ್ ಪಾರಿತೋಷಕ ಬಂದದ್ದು 1979ರಲ್ಲಿ.

ಉತ್ತರ ಇಷ್ಟೆ: ಕಾಫಿಯ ಕೂಲಿ ಕಾಫಿತೋಟದಲ್ಲಿ ನಿರ್ಣಯವಾಗುವುದಿಲ್ಲ, ಆಳು ಬಿಟ್ಟುಬಂದ ಊರಿನ ಹೊಲದಲ್ಲಿ ನಿರ್ಣಯವಾಗುತ್ತದೆ. ಅಲ್ಲಿ ದೊರೆಯುವ ಅನ್ನಕ್ಕಿಂತ ತುಸು ಹೆಚ್ಚು ಕೊಟ್ಟರೆ ಅವನು ಬರುತ್ತಾನೆ. ಅವನ ಹಿಂದೆ ಇನ್ನೂ ನೂರು ಜನ ಕಾದಿರುವ ತನಕ, ತೋಟದ ಇಳುವರಿ ಇಮ್ಮಡಿಯಾದರೂ ಕೂಲಿ ಏರದು. ಲಾಭವೆಲ್ಲ ಅಗ್ಗದ ಬೆಲೆಯ ರೂಪದಲ್ಲಿ ದೂರದೇಶದ ಲೋಟಕ್ಕೆ ಹರಿಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಮಹಾಪ್ರವಾಹಗಳು ಹೊರಟವು. ಒಂದು ಯುರೋಪಿನಿಂದ ಅಮೆರಿಕ, ಆಸ್ಟ್ರೇಲಿಯಗಳ ಕಡೆಗೆ. ಇನ್ನೊಂದು ಭಾರತ, ಚೀನಗಳಿಂದ ಉಷ್ಣವಲಯದ ತೋಟಗಳಿಗೆ, ಗಣಿಗಳಿಗೆ. ಒಂದೊಂದರಲ್ಲೂ ಸುಮಾರು ಐದು ಕೋಟಿ ಜನ ಎಂದು ಲೂಯಿಸರ ಎಣಿಕೆ. 1900ರ ಸುಮಾರಿಗೆ ಇಂಗ್ಲೆಂಡಿನ ಎಕರೆಯಲ್ಲಿ 1600 ಪೌಂಡು ಗೋಧಿ ಬೆಳೆದರೆ, ಉಷ್ಣವಲಯದ ಎಕರೆಯಲ್ಲಿ 700 ಪೌಂಡು ಧಾನ್ಯವೆಂದು ಅವರು ಲೆಕ್ಕಹಾಕಿದರು. ಆಸ್ಟ್ರೇಲಿಯದ ಉಣ್ಣೆಗೂ ಸಿಲೋನಿನ ಚಹಕ್ಕೂ ಸಿಕ್ಕಿದ ಪ್ರತಿಫಲದ ಭೇದ ಅಲ್ಲೇ ಹುಟ್ಟಿತು. ಶ್ರಮದ ಭೇದ ಅದಾಗಿರಲಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಕಲಕಿದ ಮಾತು ಬೇರೊಂದಿದೆ. ಹೊಲ ಸುಧಾರಿಸಿದರೆ ಕೂಲಿ ಏರಿಸಬೇಕಾಗುತ್ತದೆ. ಆದ್ದರಿಂದ ರೈತನ ಅನ್ನದ ಬೆಳೆ ಬಡಕಲಾಗಿಯೇ ಇರುವುದು ತೋಟದ ಒಡೆಯರಿಗೆ ಅನುಕೂಲವಾಗಿತ್ತು. ಸಾಮ್ರಾಜ್ಯಗಳು ಆಫ್ರಿಕದಲ್ಲಿ ರೈತನ ನೆಲವನ್ನೇ ಕಿತ್ತುಕೊಂಡು ಅವನನ್ನು ಕೂಲಿಗೆ ದೂಡಿದುದನ್ನು ಲೂಯಿಸ್ ಮುಚ್ಚುಮರೆಯಿಲ್ಲದೆ ಬರೆದರು.

ನಮ್ಮಲ್ಲಿ ಆ ನೂರು ಜನರ ಸಾಲು ಇನ್ನೂ ಕರಗಿಲ್ಲ. 2018-19ರಲ್ಲಿ ದುಡಿಯುವವರ ಪೈಕಿ ನೂರಕ್ಕೆ 42.5 ಮಂದಿ ಕೃಷಿಯಲ್ಲಿದ್ದರು. 2020ರ ಸಾಂಕ್ರಾಮಿಕದಲ್ಲಿ ನಗರಗಳು ಬಾಗಿಲು ಹಾಕಿದ ಮೇಲೆ, 2020-21ರಲ್ಲಿ, 46.5. ನೀರು ಮೇಲಕ್ಕೆ ಹರಿದಂತೆ ಜನ ಹೊಲಕ್ಕೆ ಮರಳಿದ್ದರು. ಕೊಡಗಿನ ತೋಟಗಳಿಗೆ ಒಂದು ಕಾಲಕ್ಕೆ ಘಟ್ಟದ ಕೆಳಗಿನವರು ಹತ್ತಿ ಬರುತ್ತಿದ್ದರು. ಈಚಿನ ವರ್ಷಗಳಲ್ಲಿ ಕಾಫಿ ಬಿಡಿಸಲು ಅಸ್ಸಾಮಿನಿಂದ ಬರುತ್ತಿದ್ದಾರೆ. ಅವರ ಕೂಲಿಯನ್ನು ಕೇಳಬೇಕಾದರೆ ಬ್ರಹ್ಮಪುತ್ರೆಯ ದಡದ ಬತ್ತದ ಗದ್ದೆಯನ್ನೂ ಒಮ್ಮೆ ನೋಡಿಬರಬೇಕಾದೀತು.